ಕಹೂಟ್, ಕ್ವಿಜಿಜ್ ಮತ್ತು ನಮ್ಮೂರಿನ ರೇಂಜ್: ಆನ್‌ಲೈನ್ ಕ್ಲಾಸಲ್ಲಿ ಆಟ ಆಡಿಸುವವರಿಗೆ

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ಹಿಡಿದ, ಫೋನಿನಲ್ಲಿ ಆಡಿಸುವ ಈ ಕ್ವಿಜ್ ಆಟಗಳನ್ನು ಇನ್ನೂ ಬಿಟ್ಟಿಲ್ಲ. ಕೊರೊನಾ ಹೋದರೂ ನಮ್ಮಲ್ಲಿ ಆನ್‌ಲೈನ್ ಕ್ಲಾಸು ಪೂರ್ತಿ ಹೋಗಲಿಲ್ಲ. ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂತು, ಕಲೆಕ್ಟರ್ ರಜೆ ಕೊಟ್ಟರು ಅಂದರೆ ಪೋರ್ಷನ್ ಮುಗಿಸಲು ಗೂಗಲ್ ಮೀಟ್ ಲಿಂಕೇ ಗತಿ.

ಮೀಟ್‌ನಲ್ಲಿ ಏನಾಗುತ್ತದೆ ಅಂತ ಪಾಠ ಮಾಡಿದವರಿಗೆಲ್ಲ ಗೊತ್ತು. ಕ್ಯಾಮೆರಾ ಆಫ್, ಮೈಕ್ ಮ್ಯೂಟ್. 'ಅರ್ಥ ಆಯ್ತಾ?' ಅಂದರೆ ಯಾವಾಗಲೂ ಅದೇ ಒಂದಿಬ್ಬರ ಉತ್ತರ. ಉಳಿದವರು ಕೇಳುತ್ತಿದ್ದಾರೋ, ಫೋನ್ ಇಟ್ಟು ಊಟಕ್ಕೆ ಹೋದರೋ, ಯಾರಿಗೆ ಗೊತ್ತು?

ಮೊದಲು ಬಳಸಿದ್ದು ನಾರ್ವೆಯವರ ಕಹೂಟ್. ಮಕ್ಕಳು ಖಾತೆ ತೆರೆಯಬೇಕಾಗಿಲ್ಲ, ಪಿನ್ ಒತ್ತಿ ಹೆಸರು ಹಾಕಿದರೆ ಸಾಕು. ಕೆಂಪು ತ್ರಿಕೋನ, ಹಳದಿ ವೃತ್ತ ಅಂತ ನಾಲ್ಕು ಬಣ್ಣದ ಬಟನ್, ಹಿಂದೆ ಸಂಗೀತ, ಕೊನೆಗೆ ಗೆದ್ದ ಮೂವರಿಗೆ ಪೋಡಿಯಂ. ಸೆಮಿಸ್ಟರ್ ಪೂರ್ತಿ ದನಿ ಕೇಳಿಸದ ಹುಡುಗಿ ಮೈಕ್ ಆನ್ ಮಾಡಿ 'ಸರ್, ನಂದೇ ಫಸ್ಟ್!' ಅಂದದ್ದೂ ಉಂಟು.

ಆದರೆ ಇಲ್ಲಿ ಸರಿ ಉತ್ತರ ಒತ್ತಿದರೆ ಸಾಲದು, ಬೇಗ ಒತ್ತಬೇಕು. ಬೇಗ ಒತ್ತಿದಷ್ಟೂ ಪಾಯಿಂಟ್ ಜಾಸ್ತಿ. ಕಾಸರಗೋಡು ಪೇಟೆಯಲ್ಲಿ ವೈಫೈ ಇರುವವನಿಗೂ, ದೇಲಂಪಾಡಿ ಕಡೆ ರೇಂಜ್ ಹುಡುಕಿಕೊಂಡು ಗುಡ್ಡ ಹತ್ತಿದವಳಿಗೂ ಒಂದೇ ಗಡಿಯಾರ ಇಟ್ಟರೆ ಏನಾಗುತ್ತದೆ, ನೀವೇ ಹೇಳಿ. ಪ್ರಶ್ನೆ ಇರುವುದು ನನ್ನ ಸ್ಕ್ರೀನಿನಲ್ಲಿ, ಅವಳ ಫೋನಿನಲ್ಲಿ ಅದು ಕಾಣುವುದೇ ತಡವಾಗಿ. ಒಂದೇ ಫೋನಿನಲ್ಲಿ ಮೀಟೂ ಆಗಬೇಕು, ಆಟವೂ ಆಗಬೇಕು. ಪ್ರಶ್ನೆಯನ್ನು ಅವರ ಫೋನಿನಲ್ಲೇ ತೋರಿಸುವ ಸೆಟ್ಟಿಂಗ್ ಇದೆ, ಅದನ್ನು ಮರೆಯದೆ ಆನ್ ಮಾಡಿ. ಆದರೂ ಓಟ ಓಟವೇ.

ಹಾಗಾಗಿ ನಿಧಾನವಾಗಿ ಕ್ವಿಜಿಜ್ ಕಡೆ ವಾಲಿದೆ. ಇದು 2015ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ್ದು. 2025ರಿಂದ ಹೆಸರು ವೇಗ್ರೌಂಡ್ ಆಗಿದೆ, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ಪ್ರಶ್ನೆ ಅವರವರ ಫೋನಿನಲ್ಲೇ ಬರುತ್ತದೆ, ಅವರವರ ವೇಗದಲ್ಲಿ ಆಡಬಹುದು, ಟೈಮರ್ ತೆಗೆದುಬಿಡಬಹುದು. ಕರೆಂಟ್ ಹೋದ ದಿನ ಅದನ್ನೇ ಹೋಮ್‌ವರ್ಕ್ ಮಾಡಿ, ಕೊನೆಯ ದಿನಾಂಕ ಹಾಕಿ ವಾಟ್ಸಾಪಿಗೆ ಬಿಟ್ಟರಾಯಿತು. ಕಹೂಟಿನ ಗಲಾಟೆಯ ಮಜಾ ಮಾತ್ರ ಇದರಲ್ಲಿಲ್ಲ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಪಾಯಿಂಟಲ್ಲ, ತಪ್ಪು ಉತ್ತರಗಳ ಲೆಕ್ಕ. ಆರು ಸಾಲಿನ ಷಟ್ಪದಿ ಪದ್ಯದ ಪಾಠ ಮುಗಿಸಿ, 'ಭಾಮಿನಿ ಷಟ್ಪದಿಯ ಮೂರನೇ ಸಾಲಿನಲ್ಲಿ ಎಷ್ಟು ಮಾತ್ರೆ?' ಅಂತ ಕೇಳಿದೆ. ಆಯ್ಕೆ 14, 20, 21, 23. ಮುಕ್ಕಾಲು ಕ್ಲಾಸು 21 ಒತ್ತಿತ್ತು. ಮೊದಲ ಸಾಲಿನ ಒಂದೂವರೆ ಪಟ್ಟು ಅನ್ನುವುದು ತಲೆಗೆ ಹೋಗಿದೆ, 14ಕ್ಕೆ 7 ಸೇರಿಸಿದ್ದಾರೆ. ಸಾಲಿನ ಕೊನೆಯ ಗುರುವಿನ (ಉದ್ದ ಅಕ್ಷರದ) ಎರಡು ಮಾತ್ರೆ ಬಿಟ್ಟುಹೋಗಿದೆ, ಸರಿ ಉತ್ತರ 23. 'ಅರ್ಥ ಆಯ್ತಾ?' ಅಂತ ಇಡೀ ವರ್ಷ ಕೇಳಿದ್ದರೂ ಇದು ಗೊತ್ತಾಗುತ್ತಿರಲಿಲ್ಲ. ಆಟ ಅಲ್ಲಿಗೇ ನಿಲ್ಲಿಸಿ ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿ, ಅಂದರೆ ಲಘು-ಗುರು ಗುರುತಿಸಿ, ತೋರಿಸಿದೆ. ಪ್ರಶ್ನೆ ಮಾಡುವಾಗ ಇಂಥ ತಪ್ಪು ಆಯ್ಕೆಗಳನ್ನು ಯೋಚಿಸಿ ಇಡಬೇಕು. ಸುಮ್ನೆ ಬಾಯಿಗೆ ಬಂದ ನಾಲ್ಕು ಸಂಖ್ಯೆ ಹಾಕಿದರೆ ಆಟವಷ್ಟೇ ಆಗುತ್ತದೆ.

ಕನ್ನಡದ್ದೊಂದು ಬೇರೆಯೇ ಫಜೀತಿ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆ ಫಾಂಟಿನಲ್ಲಿದ್ದ ಪ್ರಶ್ನೆಗಳನ್ನು ಹಾಗೇ ಪೇಸ್ಟ್ ಮಾಡಿದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತವೆ. ಯಾವ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಾಯಿಸಿಕೊಳ್ಳಲೇಬೇಕು. ಪ್ರಶ್ನೆಯ ಉದ್ದಕ್ಕೂ ಮಿತಿ ಉಂಟು. ಯೂನಿಕೋಡ್ ಲೆಕ್ಕದಲ್ಲಿ 'ಸ್ತ್ರೀ' ಅನ್ನುವ ಒಂದಕ್ಷರವೇ ಆರಾಗುತ್ತದೆ ಮಾರಾಯ್ರೆ! ಪದ್ಯದ ಸಾಲು ಕೊಡಬೇಕಾದರೆ ಚಿತ್ರ ಮಾಡಿ ಹಾಕುತ್ತೇನೆ.

ಹೆಸರಿನ ವಿಷಯದಲ್ಲಿ ಬಿಗಿ ಇರಲಿ, ಇಲ್ಲದಿದ್ದರೆ ಒಂದೇ ಕ್ಲಾಸಲ್ಲಿ ನಾಲ್ಕು ಮೋಹನ್‌ಲಾಲ್ ಆಡುತ್ತಾರೆ. ರೋಲ್ ನಂಬರೇ ಹಾಕಿಸಿ. ಉಚಿತ ಖಾತೆಯಲ್ಲಿ ಎಷ್ಟು ಜನ ಆಡಬಹುದು ಅನ್ನುವ ಮಿತಿ ಆಗಾಗ ಬದಲಾಗುತ್ತದೆ, ದೊಡ್ಡ ಕ್ಲಾಸಿದ್ದರೆ ಮೊದಲೇ ನೋಡಿಕೊಳ್ಳಿ. ಒಂದು ಗಂಟೆಯ ಪಾಠಕ್ಕೆ ನಡುವೆ ಐದಾರು ಪ್ರಶ್ನೆ ಸಾಕು, ಅದಕ್ಕಿಂತ ಜಾಸ್ತಿಯಾದರೆ ಮಕ್ಕಳಿಗೇ ಬೋರು.

ಕ್ವಿಜಿಜಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಆನ್‌ಲೈನಿಗೆ ಕಹೂಟಿಗೆ ಮೂರು. ಎಲ್ಲರೂ ಕಾಲೇಜಿನಲ್ಲೇ ಕೂತು ಒಂದೇ ವೈಫೈಯಲ್ಲಿ ಆಡುವುದಾದರೆ ಮಾತ್ರ ಅಂಕ ಅದಲು ಬದಲು.