ಲೂಪಸ್ ರೋಗಿಗಳ ವಿಶೇಷ ಚಿಕಿತ್ಸಾಲಯ: ಎರಡು ವರ್ಷಗಳ ಅನುಭವ

ದೊಡ್ಡ ಆಸ್ಪತ್ರೆಯೊಂದರ ಸಂಧಿವಾತ ವಿಭಾಗದವರು ಲೂಪಸ್ ರೋಗಿಗಳಿಗೆಂದೇ ವಾರಕ್ಕೊಂದು ದಿನ ನಡೆಸುವ ಚಿಕಿತ್ಸಾಲಯಕ್ಕೆ ನನ್ನ ತಂಗಿ ಎರಡು ವರ್ಷಗಳಿಂದ ಹೋಗುತ್ತಿದ್ದಾಳೆ. ಪ್ರತಿ ಭೇಟಿಯಲ್ಲೂ ಅವಳ ಜೊತೆಗಿದ್ದವಳು ನಾನು. ಈ ಸೇವೆಯಲ್ಲಿ ಮೆಚ್ಚಬೇಕಾದದ್ದನ್ನೂ ತಿದ್ದಿಕೊಳ್ಳಬೇಕಾದದ್ದನ್ನೂ, ಇದೇ ಕಾಯಿಲೆಯ ಅನುಮಾನದಲ್ಲಿ ಅಲೆಯುತ್ತಿರುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವ ಮೊದಲು ಹದಿನಾಲ್ಕು ತಿಂಗಳು ಅಲೆದಿದ್ದೆವು. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದಷ್ಟು ಬಿಗಿತವಿರುತ್ತಿತ್ತು. ಅದಕ್ಕೆ ನೋವಿನ ಮಾತ್ರೆ ಕೊಟ್ಟರು. ಕೂದಲು ಉದುರಿದ್ದಕ್ಕೆ ಚರ್ಮವೈದ್ಯರ ಬಳಿ ಕಳಿಸಿದರು. ಬಿಟ್ಟು ಬಿಟ್ಟು ಬರುತ್ತಿದ್ದ ಸಣ್ಣ ಜ್ವರಕ್ಕೆ ಮತ್ತೊಬ್ಬರು ಆ್ಯಂಟಿಬಯಾಟಿಕ್ ಬರೆದರು. ಸುಸ್ತನ್ನಂತೂ ಎಲ್ಲರೂ ಕೆಲಸದ ಒತ್ತಡದ ಲೆಕ್ಕಕ್ಕೆ ಹಾಕಿದರು. ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಈ ಕಾಯಿಲೆ ಒಂದೇ ಅಂಗಕ್ಕೆ ಸೀಮಿತವಾಗಿರುವುದಿಲ್ಲ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರು, ಬಹುಪಾಲು ಹದಿಹರೆಯದಿಂದ ನಲವತ್ತರ ಆಸುಪಾಸಿನವರು. ಹಾಗಿದ್ದೂ ಇಂಥ ವಯಸ್ಸಿನವಳೊಬ್ಬಳ ನಾಲ್ಕು ತೊಂದರೆಗಳನ್ನು ಯಾರೂ ಒಂದೇ ಎಳೆಯಲ್ಲಿ ಪೋಣಿಸಿ ನೋಡಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ಚಿಕಿತ್ಸಾಲಯದ ಮೊದಲ ಭೇಟಿಯಲ್ಲೇ ಆ ಪೋಣಿಸುವ ಕೆಲಸ ನಡೆಯಿತು. ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತದೆಯೇ, ತಣ್ಣೀರು ಮುಟ್ಟಿದರೆ ಬೆರಳ ತುದಿ ಬಿಳಿಚಿಕೊಳ್ಳುತ್ತದೆಯೇ, ದೀರ್ಘವಾಗಿ ಉಸಿರೆಳೆದಾಗ ಎದೆಯಲ್ಲಿ ಚುಚ್ಚುತ್ತದೆಯೇ ಎಂದು ವೈದ್ಯೆ ಒಂದೊಂದಾಗಿ ಕೇಳಿದರು. ಬಾಯಿ ತೆರೆಸಿ ಟಾರ್ಚ್ ಹಿಡಿದಾಗ ಅಂಗುಳದಲ್ಲಿ ಹುಣ್ಣು ಕಂಡಿತು. ನೋವಿಲ್ಲದ ಹುಣ್ಣಾದ್ದರಿಂದ ಅದು ಇದೆಯೆಂದು ತಂಗಿಗೇ ಗೊತ್ತಿರಲಿಲ್ಲ. ಕೆನ್ನೆಗಳಿಂದ ಮೂಗಿನ ಮೇಲಕ್ಕೆ ಚಿಟ್ಟೆಯಂತೆ ಹರಡಿದ್ದ ಕೆಂಪನ್ನು ನೋಡಿ, ಮೂಗಿನ ಪಕ್ಕದಿಂದ ತುಟಿಯ ಅಂಚಿಗೆ ಇಳಿಯುವ ಮಡಿಕೆಯ ಮೇಲೆ ಬೆರಳಾಡಿಸಿ, “ಇಲ್ಲಿ ಮಾತ್ರ ಕೆಂಪಿಲ್ಲ ನೋಡಿ, ಲೂಪಸ್ ಸಾಮಾನ್ಯವಾಗಿ ಈ ಗೆರೆಯನ್ನು ಬಿಡುತ್ತದೆ” ಎಂದರು.

ನಾವು ಆಗಲೇ, ಸ್ವಂತ ಜೀವಕೋಶಗಳ ಕೇಂದ್ರದ ವಿರುದ್ಧದ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆಯಾದ ಎಎನ್‌ಎ ಪಾಸಿಟಿವ್ ಎಂಬ ವರದಿ ಹಿಡಿದು ಹೆದರಿದ್ದೆವು. ಆರೋಗ್ಯವಂತರಲ್ಲೂ ಈ ಪರೀಕ್ಷೆ ಪಾಸಿಟಿವ್ ಬರಬಹುದು, ಇದೊಂದರಿಂದಲೇ ಲೂಪಸ್ ಎನ್ನಲಾಗದು, ಆದರೆ ನೆಗೆಟಿವ್ ಬಂದರೆ ಲೂಪಸ್ ಇರುವ ಸಂಭವ ತೀರಾ ಕಡಿಮೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಆನಂತರ ಡಿಎನ್‌ಎ ವಿರುದ್ಧದ ಪ್ರತಿಕಾಯ, ರೋಗನಿರೋಧಕ ವ್ಯವಸ್ಥೆಯ ಪ್ರೊಟೀನ್‌ಗಳಾದ ಸಿ3 ಮತ್ತು ಸಿ4ರ ಮಟ್ಟ, ರಕ್ತಕಣಗಳ ಎಣಿಕೆ, ಮೂತ್ರ ಎಲ್ಲವನ್ನೂ ನೋಡಿಯೇ ರೋಗವನ್ನು ಖಚಿತಪಡಿಸಿದರು. ಲೂಪಸ್ ಹತೋಟಿಗೆ ಕೊಟ್ಟ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಪ್ರಮಾಣ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದೆಂದು ಪ್ರತಿ ಸಲ ತೂಕ ನೋಡುತ್ತಾರೆ. ಈ ಮಾತ್ರೆ ದೀರ್ಘಕಾಲದಲ್ಲಿ ಕಣ್ಣಿಗೆ ತೊಂದರೆ ಮಾಡಬಹುದಾದ್ದರಿಂದ ಕಣ್ಣಿನ ತಪಾಸಣೆಯನ್ನೂ ಆರಂಭದಲ್ಲೇ ಮಾಡಿಸಿದರು.

ಈ ಸೇವೆಯ ನಿಜವಾದ ಬೆಲೆ ತಿಳಿದದ್ದು ಎಂಟನೆಯ ತಿಂಗಳಲ್ಲಿ. ಕೀಲುನೋವು ಇಳಿದಿತ್ತು, ಮುಖ ತಿಳಿಯಾಗಿತ್ತು, ಆ ಸಲದ ಭೇಟಿಯನ್ನೇ ಬಿಡೋಣವೆಂದು ತಂಗಿ ಹಟ ಹಿಡಿದಿದ್ದಳು. ಎಷ್ಟೇ ಆರಾಮವಾಗಿದ್ದರೂ ಪ್ರತಿ ಭೇಟಿಯಲ್ಲಿ ಮೂತ್ರಪರೀಕ್ಷೆ ಆಗಲೇಬೇಕೆಂಬುದು ಅಲ್ಲಿಯ ನಿಯಮ. ಅಂದು ಪ್ರೊಟೀನ್ ಸೋರುತ್ತಿರುವುದು ಕಂಡಿತು. ವೈದ್ಯೆ ಹಿಮ್ಮಡಿಯ ಮೇಲ್ಭಾಗದಲ್ಲಿ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೆಯೇ ಉಳಿಯಿತು. ವಾರದಿಂದ ಕಾಣುತ್ತಿದ್ದ ಆ ಊತವನ್ನು ನಾವು ಬಿಗಿಯಾದ ಕಾಲುಚೀಲದ ಗುರುತೆಂದು ತಿಳಿದಿದ್ದೆವು. ಮೂತ್ರಪಿಂಡದ ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ನಾಲ್ಕನೆಯ ವರ್ಗದ ಲೂಪಸ್ ನೆಫ್ರೈಟಿಸ್, ಅಂದರೆ ಮೂತ್ರಪಿಂಡದ ಸೋಸುಗಂಟುಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನವು ಉರಿಯೂತಕ್ಕೆ ಸಿಕ್ಕಿವೆ ಎಂದು ತಿಳಿಯಿತು. ಮೂತ್ರಪಿಂಡ ನೋಯುವುದಿಲ್ಲ, ಮುನ್ಸೂಚನೆ ಕೊಡದೆಯೇ ಕೆಡುತ್ತದೆ. ಸ್ಟೀರಾಯ್ಡ್ ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೋಲೇಟ್ ಆರಂಭಿಸುವ ಮೊದಲು, ಈ ಔಷಧ ಗರ್ಭಸ್ಥ ಶಿಶುವಿಗೆ ಹಾನಿಕರ, ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿದ್ದು, ಔಷಧ ಬದಲಿಸಿಕೊಂಡ ಮೇಲಷ್ಟೇ ಗರ್ಭಧಾರಣೆಯ ಯೋಚನೆ ಮಾಡಬೇಕೆಂದು ತಂಗಿಗೇ ನೇರವಾಗಿ, ಗೌರವದಿಂದ ತಿಳಿಸಿದರು. ಸೋರಿಕೆ ಈಗ ಬಹುತೇಕ ನಿಂತಿದೆ, ಸ್ಟೀರಾಯ್ಡ್ 5 ಮಿಲಿಗ್ರಾಂಗೆ ಇಳಿದಿದೆ.

ಕೊರತೆಗಳೂ ಸಣ್ಣವಲ್ಲ. ವರದಿಗಳು ಚೆನ್ನಾಗಿ ಬಂದರೆ ಸುಸ್ತಿನ ಮಾತನ್ನು ಅಲ್ಲಿ ಬೇಗ ಮುಗಿಸಿಬಿಡುತ್ತಾರೆ. ರಕ್ತಪರೀಕ್ಷೆ ಶಾಂತವಾಗಿರುವ ದಿನಗಳಲ್ಲೂ ಮೆಟ್ಟಿಲು ಹತ್ತಿ ಕುಸಿದು ಕೂರುವ ಜೀವಕ್ಕೆ ಆ ಅವಸರ ನೋಯಿಸುತ್ತದೆ. ಚಿಕಿತ್ಸಾಲಯವಿಲ್ಲದ ದಿನ ಜ್ವರ ಬಂದರೆ ಕೇಳಲು ಒಂದು ದೂರವಾಣಿ ಸಂಖ್ಯೆಯೂ ಇಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರಿಗೆ ಆ ಜ್ವರ ಸೋಂಕಿನದೋ ರೋಗ ಉಲ್ಬಣಿಸಿದ್ದರದೋ ಎಂಬುದು ಮನೆಯಲ್ಲಿ ಕುಳಿತು ಊಹಿಸುವ ವಿಷಯವಲ್ಲ. ಕಾಯುವ ಬೆಂಚುಗಳನ್ನಂತೂ ದೊಡ್ಡ ಗಾಜಿನ ಕಿಟಕಿಯ ಪಕ್ಕದಲ್ಲೇ ಹಾಕಿದ್ದರು. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಒಂದು ಭಾಗ ಗಾಜನ್ನು ದಾಟಿ ಬರುತ್ತದೆ. ಬಿಸಿಲು ತಾಗಬಾರದ ರೋಗಿಗಳೇ ಅಲ್ಲಿ ಎರಡು ಮೂರು ಗಂಟೆ ಕೂರುತ್ತಿದ್ದರು. ಸಲಹಾ ಪುಸ್ತಕದಲ್ಲಿ ಈ ಮೂರನ್ನೂ ಬರೆದು ಬಂದೆವು. ಮುಂದಿನ ಭೇಟಿಯ ಹೊತ್ತಿಗೆ ಕಿಟಕಿಗೆ ದಪ್ಪ ಪರದೆ ಬಂದಿತ್ತು. ದೂರವಾಣಿ ಸಂಖ್ಯೆ ಇನ್ನೂ ಬಂದಿಲ್ಲ, ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದೇವೆ.