ತೊಗರಿ ರೈತರ ಗುಂಪಿಗೆ ವಾಟ್ಸಾಪಾ, ಟೆಲಿಗ್ರಾಮಾ?

ಕಲಬುರಗಿ ಸೀಮೆಯ ತೊಗರಿ ರೈತರಿಗೆ ಗುಂಪು ಮಾಡುವ ಯೋಚನೆ ಇದೆಯಾ? ಸಂಬಳವಿಲ್ಲದೆ ಅದನ್ನು ಕಾಯುವ ಅಡ್ಮಿನ್‌ಗೆ ಎಷ್ಟು ಕೆಲಸ ಬೀಳುತ್ತದೆ ಅಂತ ಮೊದಲು ನೋಡಿ.

ವಾಟ್ಸಾಪ್ ಎಲ್ಲರ ಫೋನಿನಲ್ಲೂ ಇದೆ, ಆಳಂದದ ಅಜ್ಜನಿಗೂ ಹೇಳಿಕೊಡಬೇಕಿಲ್ಲ. ಒಂದು ಗುಂಪಿಗೆ 1024 ಜನ. ಬೇಡದ ಮೆಸೇಜನ್ನು ಅಡ್ಮಿನ್ ಅಳಿಸಬಹುದು. ಅಡ್ಮಿನ್‌ಗಳು ಮಾತ್ರ ಬರೆಯುವಂತೆಯೂ ಮಾಡಬಹುದು, ಆದರೆ ಆಗ ಪ್ರಶ್ನೆ ಕೇಳೋರು ಯಾರು?

ಟೆಲಿಗ್ರಾಮ್ ಗುಂಪಿಗೆ 2 ಲಕ್ಷ ಜನರವರೆಗೆ ಸೇರಬಹುದು. ಅಷ್ಟು ಯಾರಿಗೆ ಬೇಕು ಬಿಡಿ. ಅದರ ನಿಜವಾದ ಲಾಭ ಬೇರೆ. ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಮುಂದಿನದಕ್ಕೆ ಕೆಲವು ಸೆಕೆಂಡಿನಿಂದ 1 ಗಂಟೆವರೆಗೆ ಕಾಯುವಂತೆ ಮಾಡಬಹುದು. ಗುಡ್ ಮಾರ್ನಿಂಗ್ ಹೂವುಗಳು ತಾನಾಗಿಯೇ ಕಮ್ಮಿಯಾಗುತ್ತವೆ. ಒಬ್ಬ ಅಡ್ಮಿನ್‌ಗೆ ಅಳಿಸುವ ಹಕ್ಕು ಮಾತ್ರ ಕೊಡಬಹುದು. ಯಾರು ಏನು ಅಳಿಸಿದರು ಅನ್ನೋದು 48 ಗಂಟೆ ಅಡ್ಮಿನ್‌ಗಳಿಗೆ ಕಾಣುತ್ತದೆ, 'ನಂದೇ ಯಾಕೆ ತೆಗೆದ್ರಿ' ಅನ್ನೋ ಜಗಳಕ್ಕೆ ಇದು ಒಳ್ಳೆ ಮದ್ದು. ಹೊಸಬರಿಗೂ ಹಳೆ ಮಾತು ತೋರಿಸಬಹುದು, ಕೇಳಿದ್ದನ್ನೇ ಮತ್ತೆ ಕೇಳೋದು ಕಮ್ಮಿಯಾಗುತ್ತದೆ. ತೊಗರಿ ಗಿಡ ಒಣಗಿಸುವ ನೆಟೆ ರೋಗದ ಬಗ್ಗೆ ಅದೇ ಪ್ರಶ್ನೆಗೆ ಉತ್ತರಿಸಿ ಸುಸ್ತಾದ ಅನುಭವಿ ರೈತರೇ ಮೊದಲು ಗುಂಪು ಬಿಡೋದು, ಅಲ್ವಾ?

ಒಂದೆರಡು ಊರಿನ, ಮುಖ ಪರಿಚಯದ ಜನಕ್ಕೆ ವಾಟ್ಸಾಪ್ ಸಾಕು. ತಾಲ್ಲೂಕು ದಾಟಿದರೆ ಟೆಲಿಗ್ರಾಮೇ ಸರಿ. ಯಾವುದಾದರೂ, ಅಡ್ಮಿನ್ ಒಬ್ಬರೇ ಬೇಡ. ಬಿತ್ತನೆ ದಿನಗಳಲ್ಲಿ ಅವರೂ ಹೊಲದಲ್ಲೇ ಇರುತ್ತಾರೆ.