ಕಪ್ಲರ್‌ಗೆ ಗ್ರೀಸ್ ಬದಲು ಒಣ ಸ್ಪ್ರೇ ಹಾಕಿ ನೋಡಿ: ಮೋಲಿಕೋಟ್ ಡಿ-321 ಆರ್

ಮೊದಲೇ ಹೇಳಿಬಿಡುತ್ತೇನೆ, ಈ ಡಬ್ಬಿ ಅಗ್ಗದ್ದಲ್ಲ. ಒಂದು ಡಬ್ಬಿ ಸ್ಪ್ರೇ ದುಡ್ಡಿಗೆ ಎಷ್ಟೋ ಗ್ರೀಸ್ ಬರುತ್ತದೆ. ಆದರೂ ವ್ಯಾಗನ್ ಅಥವಾ ಶಂಟಿಂಗ್ ಇಂಜಿನ್ (ಯಾರ್ಡ್ ಒಳಗೆ ವ್ಯಾಗನ್ ಎಳೆದು ತಳ್ಳುವ ಇಂಜಿನ್) ಕಪ್ಲರ್, ಅಂದರೆ ಒಂದಕ್ಕೊಂದು ಜೋಡಿಸುವ ಕೊಂಡಿ, ನೋಡಿಕೊಳ್ಳುವವರು ಯಾರೇ ಕೇಳಿದರೂ ನಾನು ಇದನ್ನೇ ತಗೊಳ್ಳಿ ಅನ್ನುತ್ತೇನೆ, ಅದರಲ್ಲೂ ನಮ್ಮ ಕಡೆಯ ಹಾಗೆ ಕಬ್ಬಿಣದ ಅದಿರಿನ ಧೂಳು ಇರುವ ಜಾಗದಲ್ಲಿ ಕೆಲಸ ಮಾಡುವವರಾದರೆ ಎರಡನೇ ಯೋಚನೆಯೇ ಬೇಡ.

ನಾನು ಹೊಸಪೇಟೆ–ಸಂಡೂರು ಕಡೆ ಒಂದು ಕಾರ್ಖಾನೆಯ ಖಾಸಗಿ ಸೈಡಿಂಗ್‌ನಲ್ಲಿ (ಕಾರ್ಖಾನೆಯ ಸ್ವಂತ ಕವಲು ಹಳಿ) ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಲೋಡಿಂಗಿಗೆ ಬರುವ ರೇಕ್‌ಗಳು, ಅಂದರೆ ವ್ಯಾಗನ್ ಸಾಲುಗಳು, ರೈಲ್ವೆಯವು, ಅವುಗಳ ರಿಪೇರಿಯೂ ಅವರದ್ದೇ, ಅದಕ್ಕೆ ನಾವು ಕೈ ಹಾಕುವಂತಿಲ್ಲ. ನಮ್ಮ ಪಾಲಿಗೆ ಇರುವುದು ಶಂಟಿಂಗ್ ಇಂಜಿನ್ ಮತ್ತು ಕಾಂಪೌಂಡಿನ ಒಳಗೇ ಓಡಾಡುವ ನಮ್ಮದೇ ವ್ಯಾಗನ್‌ಗಳು. ಇವು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೂಡುತ್ತವೆ, ಬಿಡುತ್ತವೆ. ದೂರದ ಊರಿಗೆ ಹೋಗುವ ವ್ಯಾಗನ್ ಒಮ್ಮೆ ಕೂಡಿದರೆ ಇಳಿಸುವ ತನಕ ಹಾಗೇ ಇರಬಹುದು, ಶಂಟಿಂಗ್ ಇಂಜಿನ್ ಕಪ್ಲರ್‌ಗೆ ಆ ಪುಣ್ಯ ಇಲ್ಲ. ಅದಕ್ಕೇ ಸವೆತ ಮೊದಲು ಕಾಣುವುದು ಇಲ್ಲೇ.

ಕಪ್ಲರ್ ಒಳಗೆ ಏನು ಉಜ್ಜುತ್ತದೆ ಅಂತ ಗೊತ್ತಿಲ್ಲದಿದ್ದರೆ ಈ ಸ್ಪ್ರೇಯ ಬೆಲೆಯೂ ಅರ್ಥವಾಗುವುದಿಲ್ಲ. ನಮ್ಮ ವ್ಯಾಗನ್‌ಗಳಲ್ಲಿರುವುದು ಸಿಬಿಸಿ, ಅಂದರೆ ಸೆಂಟರ್ ಬಫರ್ ಕಪ್ಲರ್. ಇದರ ಮೂಲ ಅಮೆರಿಕದ ಈಲೈ ಜಾನಿ ಅನ್ನುವವರು 1873ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ತಿರುಗುವ ದವಡೆಗೆ ನಕಲ್ ಅನ್ನುತ್ತೇವೆ. ಅದು ಒಂದು ಪಿನ್ನಿನ ಮೇಲೆ ತಿರುಗುತ್ತದೆ. ಎರಡು ವ್ಯಾಗನ್ ಬಂದು ತಾಗಿದಾಗ ನಕಲ್ ಒಳಕ್ಕೆ ತಿರುಗಿ ಮುಚ್ಚುತ್ತದೆ, ಮೇಲಿಂದ ಲಾಕ್ ತನ್ನ ತೂಕಕ್ಕೇ ಕೆಳಗೆ ಬಿದ್ದು ಅದನ್ನು ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಸ್ಪ್ರಿಂಗ್ ಇಲ್ಲ, ಗಾಳಿಯ ಒತ್ತಡ ಇಲ್ಲ. ಬರೀ ತೂಕ. ಬಿಡಿಸಬೇಕಾದರೆ ಪಕ್ಕದ ಹ್ಯಾಂಡಲ್ ಎತ್ತಿ ಆ ಲಾಕನ್ನು ಮೇಲಕ್ಕೆ ತಳ್ಳಬೇಕು.

ಆ ಲಾಕ್ ಪೂರ್ತಿ ಬೀಳದೆ ಅರ್ಧಕ್ಕೆ ನಿಂತರೆ ಏನಾಗುತ್ತದೆ ಅಂತ ಯೋಚಿಸಿ. ಕೂಡಿದ ಹಾಗೆ ಕಾಣುತ್ತದೆ, ಎಳೆದಾಗ ಬಿಟ್ಟುಹೋಗುತ್ತದೆ. ರೈಲು ಎರಡು ತುಂಡು. ಲಾಕ್ ಅರ್ಧಕ್ಕೆ ನಿಲ್ಲುವುದಕ್ಕೆ ದೊಡ್ಡ ಕಾರಣವೇ ಒಳಗೆ ಕಟ್ಟಿಕೊಂಡ ಕೆಸರು, ತುಕ್ಕು, ಗಟ್ಟಿಯಾದ ಹಳೇ ಗ್ರೀಸ್.

ಇನ್ನು ಉಜ್ಜುವ ಜಾಗಗಳು. ಪಿನ್ ಮತ್ತು ನಕಲ್‌ನ ತೂತು. ನಕಲ್‌ನ ಬಾಲ ಮತ್ತು ಲಾಕ್ ತಾಗುವ ಮುಖ. ಕಪ್ಲರ್‌ನ ಉದ್ದ ಕತ್ತು, ಅಂದರೆ ಶ್ಯಾಂಕ್, ಕೂರುವ ವೇರ್ ಪ್ಲೇಟ್, ಅಂದರೆ ಸವೆತ ತಾಳಿಕೊಳ್ಳುವ ತಟ್ಟೆ. ಎರಡು ನಕಲ್‌ಗಳು ಒಂದನ್ನೊಂದು ಎಳೆಯುವ ಮುಖ. ಈ ಕೊನೆಯದನ್ನು ಜನ ಮರೆಯುತ್ತಾರೆ. ನಮ್ಮ ಬ್ರಾಡ್‌ಗೇಜಿನಲ್ಲಿ ಕಪ್ಲರ್ ಎತ್ತರ ಖಾಲಿ ಇದ್ದಾಗ ಜಾಸ್ತಿ ಅಂದರೆ 1105 ಮಿಲಿಮೀಟರ್, ಲೋಡ್ ಆದಾಗ ಕಡಿಮೆ ಅಂದರೆ 1030. ಅಂದರೆ ಖಾಲಿ ವ್ಯಾಗನ್ ಪಕ್ಕ ತುಂಬಿದ ವ್ಯಾಗನ್ ನಿಂತರೆ 75 ಮಿಲಿಮೀಟರ್ ತನಕ ವ್ಯತ್ಯಾಸ ಬರಬಹುದು. ಗೂಡ್ಸ್ ವ್ಯಾಗನ್‌ನ ಕಪ್ಲರ್‌ಗಳು ಒಂದರ ಮೇಲೊಂದು ಮೇಲೆ ಕೆಳಗೆ ಜಾರುವ ಹಾಗೇ ಮಾಡಿದ್ದಾರೆ, ಹಾಗಾಗಿ ಹಳಿಯ ಮೇಲೆ ವ್ಯಾಗನ್ ಕುಣಿದ ಹಾಗೆಲ್ಲ ಪೂರ್ತಿ ಎಳೆತದಲ್ಲೇ ಉಕ್ಕಿಗೆ ಉಕ್ಕು ಉಜ್ಜುತ್ತದೆ.

ಸವೆದರೆ ಏನು ಮಹಾ ಅಂತ ಕೇಳುವವರೂ ಇದ್ದಾರೆ. ಲೆಕ್ಕ ಹಾಕಿ. 58 ವ್ಯಾಗನ್‌ಗಳ ಬಾಕ್ಸ್‌ಎನ್ (ಮೇಲೆ ತೆರೆದ ಗೂಡ್ಸ್ ವ್ಯಾಗನ್) ರೇಕಿನಲ್ಲಿ ವ್ಯಾಗನ್ ವ್ಯಾಗನ್ ನಡುವೆ 57 ಜೋಡಣೆ. ಒಂದೊಂದರಲ್ಲಿ ಸವೆತದಿಂದ 10 ಮಿಲಿಮೀಟರ್ ಸಡಿಲ ಜಾಸ್ತಿಯಾದರೂ ಒಟ್ಟು 57 ಸೆಂಟಿಮೀಟರ್. ಇಂಜಿನ್ ಎಳೆಯಲು ಶುರು ಮಾಡಿದಾಗ ಆ ಸಡಿಲವೆಲ್ಲ ಒಂದೊಂದಾಗಿ ಬಿಗಿಯಾಗುತ್ತಾ ಹಿಂದಕ್ಕೆ ಹೋಗುತ್ತದೆ, ಕೊನೆಯ ವ್ಯಾಗನ್‌ಗಳಿಗೆ ಬೀಳುವ ಏಟು ದೊಡ್ಡದು. ಕುಳೇಂನಿಂದ ಕ್ಯಾಸಲ್‌ರಾಕ್‌ಗೆ ಏರುವ ಘಾಟಿನಲ್ಲಿ 37ಕ್ಕೆ 1ರ ಏರು, ಅಂದರೆ 37 ಮೀಟರ್ ಹೋದರೆ 1 ಮೀಟರ್ ಮೇಲೆ. ಮುರ್ಮುಗೋವಾ ಬಂದರಿನಿಂದ ನಮ್ಮ ಬಳ್ಳಾರಿ ಕಡೆಗೆ ಕಲ್ಲಿದ್ದಲು ತುಂಬಿದ ರೇಕ್‌ಗಳು ಆ ದಾರಿಯಲ್ಲೇ ಹತ್ತಿ ಬರುವುದು, ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳಿದರೂ ಮುಂದಿನ ಕಪ್ಲರ್‌ಗಳ ಮೇಲೆ ಬೀಳುವ ಎಳೆತ ಸಣ್ಣದಲ್ಲ. ಅಲ್ಲಿ ಕಪ್ಲರ್ ಚೆನ್ನಾಗಿರಬೇಕು ಅನ್ನುವುದಕ್ಕೆ ವಿವರಣೆ ಬೇಕಿಲ್ಲ ಅಲ್ವಾ.

ಈಗ ಧೂಳಿನ ವಿಷಯ. ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ ಅಂದರೆ ಗ್ರೀಸ್ ಗನ್ ಹಿಡಿದು ಕಂಡಲ್ಲೆಲ್ಲ ಗ್ರೀಸ್ ತುಂಬುವುದು, ಗ್ರೀಸ್ ಇಲ್ಲದಿದ್ದರೆ ಇಂಜಿನ್‌ನಿಂದ ತೆಗೆದ ಹಳೇ ಆಯಿಲ್ ಸುರಿಯುವುದು. ಮೊದಲೆರಡು ದಿನ ಹ್ಯಾಂಡಲ್ ಬೆಣ್ಣೆಯ ಹಾಗೆ ಏಳುತ್ತದೆ, ಎಲ್ಲರಿಗೂ ಖುಷಿ. ಒಂದು ವಾರ ಬಿಟ್ಟು ನಕಲ್ ತೆಗೆದು ನೋಡಿ. ಗ್ರೀಸ್ ಕಪ್ಪಾಗಿರುವುದಿಲ್ಲ, ಕೆಂಪಾಗಿರುತ್ತದೆ. ಸ್ವಲ್ಪ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಸಣ್ಣ ಸಣ್ಣ ಹರಳು ಚುಚ್ಚುತ್ತವೆ. ಸಂಡೂರಿನ ಅದಿರು ಹೆಮಟೈಟ್, 1ರಿಂದ 10ರ ಮೋಸ್ (Mohs) ಅಳತೆಯಲ್ಲಿ ಅದರ ಗಡಸು 5.5ರಿಂದ 6.5. ಅದರ ಜೊತೆ ಬರುವ ಪಟ್ಟೆ ಕಲ್ಲಿನಲ್ಲಿ ಕ್ವಾರ್ಟ್ಜ್ ಇರುತ್ತದೆ, ಅದು 7. ಇವೆರಡನ್ನೂ ಗ್ರೀಸಿಗೆ ಕಲಸಿದರೆ ಸಿಗುವುದು ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್. ನಾವೇ ದುಡ್ಡು ಕೊಟ್ಟು ತಂದು, ನಾವೇ ಪಿನ್ನಿಗೆ ಹಚ್ಚಿ, ಪಿನ್ ಯಾಕೆ ಸವೆಯಿತು ಅಂತ ತಲೆ ಕೆಡಿಸಿಕೊಳ್ಳುವುದು. ನನ್ನ ಅಭಿಪ್ರಾಯದಲ್ಲಿ ಅದಿರಿನ ಸೈಡಿಂಗ್‌ನಲ್ಲಿ ಕಪ್ಲರ್‌ಗೆ ಗ್ರೀಸ್ ಹಾಕುವುದಕ್ಕಿಂತ ಏನೂ ಹಾಕದೇ ಇರುವುದು ಎಷ್ಟೋ ವಾಸಿ.

ಈ ಸ್ಪ್ರೇ ಬೇರೆ ಜಾತಿಯದು. ಇದರಲ್ಲಿರುವುದು ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಗ್ರಾಫೈಟ್, ಎರಡೂ ಪುಡಿ, ಅಂಟಿಕೊಳ್ಳಲು ಒಂದು ಬೈಂಡರ್, ಸಿಂಪಡಿಸಲು ಬೇಗ ಆರಿಹೋಗುವ ದ್ರಾವಕ. ಹೊಡೆದ ಕೆಲವೇ ನಿಮಿಷದಲ್ಲಿ ದ್ರಾವಕ ಹಾರಿಹೋಗಿ ಬೂದು ಬಣ್ಣದ ತೆಳು ಪದರ ಉಳಿಯುತ್ತದೆ. ಒಲೆಯಲ್ಲಿ ಬೇಯಿಸಬೇಕಿಲ್ಲ, ಗಾಳಿಗೇ ಒಣಗುತ್ತದೆ. ಮುಟ್ಟಿದರೆ ಕೈಗೆ ಜಿಡ್ಡು ಹತ್ತುವುದಿಲ್ಲ, ಆಮೇಲೆ ಅದಿರಿನ ಧೂಳು ಬಿದ್ದರೂ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ, ಗಾಳಿ ಹೊಡೆದರೆ ಉದುರಿಹೋಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ.

ಎರಡು ಪುಡಿ ಯಾಕೆ ಅಂದರೆ, ಎರಡೂ ಹಾಳೆ ಹಾಳೆಯಾಗಿ ಜಾರುವಂಥವೇ ಆದರೂ ಸ್ವಭಾವ ಬೇರೆ. ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ಒಂದಿಷ್ಟು ತೇವ ಇರಬೇಕು. ಪೂರ್ತಿ ಒಣ ಹವೆಯಲ್ಲಿ ಅದು ಬೇಗ ಸವೆಯುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ತುಂಬಾ ಎತ್ತರಕ್ಕೆ ಹಾರಿದ ವಿಮಾನಗಳಲ್ಲಿ ಜನರೇಟರಿನ ಗ್ರಾಫೈಟ್ ಬ್ರಷ್‌ಗಳು (ತಿರುಗುವ ಭಾಗಕ್ಕೆ ತಾಗಿ ಕರೆಂಟ್ ದಾಟಿಸುವ ತುಂಡುಗಳು) ಹೀಗೇ ಪುಡಿಯಾಗುತ್ತಿದ್ದವು. ಮಾಲಿಬ್ಡಿನಂ ಡೈಸಲ್ಫೈಡ್ ಅದಕ್ಕೆ ತದ್ವಿರುದ್ಧ, ಒಣ ಹವೆಯಲ್ಲೇ ಅದರ ಕೆಲಸ ಚೆನ್ನಾಗಿರುತ್ತದೆ, ಬಾಹ್ಯಾಕಾಶದ ಉಪಕರಣಗಳಲ್ಲೂ ಬಳಸುತ್ತಾರೆ. ನಮ್ಮಲ್ಲಿ ಏಪ್ರಿಲ್ ಬಿಸಿಲೂ ಇದೆ, ಆಗಸ್ಟ್ ಮಳೆಯೂ ಇದೆ. ಎರಡೂ ಒಂದೇ ಡಬ್ಬಿಯಲ್ಲಿರುವುದು ಒಳ್ಳೆಯದೇ. ತಯಾರಕರು ಕೊಡುವ ಶಾಖದ ಮಿತಿ 450 ಡಿಗ್ರಿ ತನಕ ಇದೆ, ಕಪ್ಲರ್‌ಗೆ ಅಷ್ಟೆಲ್ಲ ಬೇಕಾಗುವುದೇ ಇಲ್ಲ. ನಮಗೆ ಬೇಕಿರುವುದು ನಿಧಾನ ಚಲನೆ, ಭಾರೀ ಒತ್ತಡ, ಅದಕ್ಕೆಂದೇ ಮಾಡಿದ ಪದರ ಇದು.

ಆದರೆ ಹಾಕುವ ರೀತಿ ಸರಿಯಿಲ್ಲದಿದ್ದರೆ ದುಡ್ಡು ದಂಡ. ಹಳೇ ಗ್ರೀಸಿನ ಮೇಲೆ ಹೊಡೆದರೆ ಒಂದು ಪೈಸೆ ಉಪಯೋಗವಿಲ್ಲ. ನಕಲ್ ಪಿನ್ ತೆಗೆದು, ನಕಲ್ ಮತ್ತು ಲಾಕ್ ಹೊರಗೆ ತೆಗೆದು, ಕೆರೆದು, ವೈರ್ ಬ್ರಷ್ ಹಾಕಿ, ಆಮೇಲೆ ದ್ರಾವಕದಲ್ಲಿ ಒರೆಸಬೇಕು. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಹಾಗೇ ಬಿಟ್ಟರೆ ಜಿಡ್ಡು ಉಳಿಯುತ್ತದೆ, ಪದರ ಹಿಡಿಯುವುದಿಲ್ಲ. ಕೊನೆಗೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಟ್ಟೆ ಬಿಳಿಯಾಗಿಯೇ ಉಳಿದರೆ ಹೊಡೆಯಬಹುದು. ಡಬ್ಬಿ ಚೆನ್ನಾಗಿ ಅಲ್ಲಾಡಿಸಬೇಕು, ಪುಡಿ ತಳ ಹಿಡಿದಿರುತ್ತದೆ, ಒಳಗಿನ ಗುಂಡು ಆರಾಮಾಗಿ ಓಡಾಡುವ ಸದ್ದು ಬರುವ ತನಕ ಅಲ್ಲಾಡಿಸಿ. ಒಂದೇ ಸಲ ದಪ್ಪಗೆ ಹೊಡೆಯಬೇಡಿ, ದಪ್ಪ ಪದರ ಚಕ್ಕೆ ಎದ್ದು ಬರುತ್ತದೆ. ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಮಳೆಯಲ್ಲಿ ಒದ್ದೆ ಕಬ್ಬಿಣದ ಮೇಲಂತೂ ಬೇಡವೇ ಬೇಡ.

ಒಂದು ವಿಷಯ ತುಂಬಾ ಗಟ್ಟಿಯಾಗಿ ಹೇಳಬೇಕು. ವ್ಯಾಗನ್ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಆಪು ಕೊಟ್ಟು, ಎರಡೂ ತುದಿಗೆ ಕೆಂಪು ಬಾವುಟ ನೆಟ್ಟು, ಇಂಜಿನ್ ಡ್ರೈವರಿಗೂ ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ಗೂ ಬಾಯಿಬಿಟ್ಟು ಹೇಳಿದ ಮೇಲೆಯೇ ಕಪ್ಲರ್ ಹತ್ತಿರ ಹೋಗಿ. ನಕಲ್ ತುಂಬಾ ಭಾರ, ಪಿನ್ ತೆಗೆಯುವಾಗ ಒಬ್ಬರೇ ಇರಬೇಡಿ. ಸ್ಪ್ರೇ ಬೆಂಕಿ ಹಿಡಿಯುವಂಥದ್ದು. ಹತ್ತಿರದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ನಿಲ್ಲಿಸಿ, ಬೀಡಿ ಸಿಗರೇಟು ದೂರ ಇಡಿ. ವಾಸನೆ ಜೋರಾಗಿರುತ್ತದೆ, ಬಯಲಿನಲ್ಲೇ ಮಾಡಿ.

ಎಲ್ಲಿ ಹಾಕಬಾರದು ಅನ್ನುವುದೂ ಅಷ್ಟೇ ಮುಖ್ಯ. ಕಪ್ಲರ್ ಹಿಂದಿರುವ ಡ್ರಾಫ್ಟ್ ಗೇರ್ ಹತ್ತಿರ ಸ್ಪ್ರೇಯೂ ಬೇಡ, ಗ್ರೀಸೂ ಬೇಡ. ಘರ್ಷಣೆಯಿಂದಲೇ ಏಟನ್ನು ನುಂಗಿಕೊಳ್ಳುವ ಸಾಧನ ಅದು, ಜಾರುವ ಹಾಗೆ ಮಾಡಿದರೆ ಏಟು ನೇರ ವ್ಯಾಗನ್ನಿನ ಅಂಡರ್‌ಫ್ರೇಮಿಗೆ ಹೋಗುತ್ತದೆ. ರಬ್ಬರ್ ಪ್ಯಾಡ್ ಇರುವ ಡ್ರಾಫ್ಟ್ ಗೇರ್ ಆದರೆ ಎಣ್ಣೆ ಜಿಡ್ಡು ರಬ್ಬರನ್ನೂ ಹಾಳು ಮಾಡುತ್ತದೆ. ಚಕ್ರದ ಮೇಲೆ, ಬ್ರೇಕ್ ಬ್ಲಾಕ್ ಮೇಲೆ, ಹಳಿಯ ಮೇಲೆ ಸ್ಪ್ರೇ ಹಾರದ ಹಾಗೆ ಹಿಂದೆ ಒಂದು ರಟ್ಟು ಹಿಡಿಯಿರಿ. ನಕಲ್‌ನ ಎಳೆಯುವ ಮುಖಕ್ಕೆ ನಾನು ಹೊಡೆಯುವುದಿಲ್ಲ. ಅಲ್ಲಿ ಪದರ ಉಳಿಯುವುದು ಸ್ವಲ್ಪ ದಿನ ಮಾತ್ರ. ಅದೂ ಅಲ್ಲದೆ ಬಿರುಕು ಬಿಡುವುದು ನಕಲ್‌ನ ಆ ಭಾಗದಲ್ಲೇ, ಅಲ್ಲಿ ಬರಿಗಬ್ಬಿಣ ಕಣ್ಣಿಗೆ ಕಾಣುವಂತಿರಬೇಕು. ಗ್ರೀಸಿನ ಇನ್ನೊಂದು ದೊಡ್ಡ ತೊಂದರೆ ಇದೇ, ಬಿರುಕನ್ನು ಮುಚ್ಚಿಬಿಡುತ್ತದೆ.

ಹಾಗಾದರೆ ಫಲ ಏನು? ನಾನು ಹಾಕುವುದು ಲಾಕ್ ಮುಖಕ್ಕೆ, ಲಾಕ್ ಎತ್ತುವ ಭಾಗಕ್ಕೆ, ನಕಲ್ ಬಾಲಕ್ಕೆ, ಪಿನ್ನಿಗೆ ಮತ್ತು ಶ್ಯಾಂಕಿನ ಕೆಳಗಿನ ವೇರ್ ಪ್ಲೇಟಿಗೆ. ವ್ಯಾಗನ್ ಕೂಡುವಾಗ ಲಾಕ್ ಬೀಳುವ ಸದ್ದೇ ಬದಲಾಗಿದೆ. ಮುಂಚೆ ಮೆತ್ತಗೆ ಕೂರುತ್ತಿತ್ತು, ಕೆಲವು ಸಲ ಸುತ್ತಿಗೆಯಿಂದ ತಟ್ಟಬೇಕಾಗುತ್ತಿತ್ತು. ಈಗ ಠಣ್ ಅಂತ ಒಂದೇ ಏಟಿಗೆ ಬೀಳುತ್ತದೆ, ಬಗ್ಗಿ ಕೆಳಗಿಂದ ನೋಡಿದರೆ ಲಾಕಿನ ಕಾಲು ಪೂರ್ತಿ ಇಳಿದಿರುವುದು ಕಾಣುತ್ತದೆ. ಹ್ಯಾಂಡಲ್ ಎತ್ತುವ ಹುಡುಗರು ಈಗ ಎರಡೂ ಕೈ ಹಾಕಿ ಜಗ್ಗುವುದಿಲ್ಲ. ಪಿನ್ ತೆಗೆದು ನೋಡಿದಾಗ ಒಂದೇ ಕಡೆ ಕಾಣುತ್ತಿದ್ದ ಆಳವಾದ ಗೀರುಗಳು ಹೊಸ ಪಿನ್‌ಗಳಲ್ಲಿ ಇಲ್ಲ. ಬದಲಿಗೆ ಬೂದು ಪದರ ಅಲ್ಲಲ್ಲಿ ಹೊಳಪಾಗಿದೆ, ಅಂದರೆ ಸವೆಯುತ್ತಿರುವುದು ಉಕ್ಕಲ್ಲ, ಪದರ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ಹಾಕಿದರೆ ಶಂಟಿಂಗ್ ಇಂಜಿನ್‌ಗೆ ಸಾಕು ಅನ್ನುವುದು ನನ್ನ ಲೆಕ್ಕ. ಆದರೆ ಆಗಲೇ ಸವೆದುಹೋದ ನಕಲ್‌ಗೆ ಯಾವ ಸ್ಪ್ರೇಯೂ ಮದ್ದಲ್ಲ. ಸವೆತ ಅಳೆಯುವ ಗೇಜ್ ಹಿಡಿದು ನೋಡಿ, ಮಿತಿ ದಾಟಿದ್ದರೆ ಬದಲಾಯಿಸಿ.

ಬಜೆಟ್ ಇಲ್ಲ ಅನ್ನುವವರಿಗೆ ಒಣ ಗ್ರಾಫೈಟ್ ಪುಡಿಯೂ ಆಗುತ್ತದೆ. ಅಮೆರಿಕದ ಕಡೆಯೂ ಕಪ್ಲರ್ ಒಳಭಾಗಕ್ಕೆ ಎಣ್ಣೆ ಬೇಡ, ಒಣ ಗ್ರಾಫೈಟ್ ಹಾಕಿ ಅನ್ನುವ ಪದ್ಧತಿ ಹಳೆಯದು. ಸುಮ್ನೆ ಉದುರಿಸಿದರೆ ಗಾಳಿಗೆ ಹೋಗುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಲಸಿ ಬ್ರಷ್‌ನಿಂದ ಬಳಿದರೆ ಆಲ್ಕೋಹಾಲ್ ಆರಿ ಪುಡಿ ಉಳಿಯುತ್ತದೆ. ಬೈಂಡರ್ ಇಲ್ಲದ್ದರಿಂದ ಬೇಗ ಉದುರುತ್ತದೆ, ಪದೇ ಪದೇ ಹಾಕಬೇಕು. ಕೆಲಸಕ್ಕೆ ಜನ ಇದ್ದರೆ ಅದೂ ನಡೆಯುತ್ತದೆ. ಮನೆಯಲ್ಲಿ ಮಾದರಿ ರೈಲು ಓಡಿಸುವವರಿಗೂ ಇದೇ ಮಾತು. ಕೇಡಿ (Kadee) ಕಂಪನಿಯ ಗ್ರೀಸೆಮ್ ಅನ್ನುವ ಪುಟ್ಟ ಟ್ಯೂಬಿನಲ್ಲಿ ಇರುವುದು ಒಣ ಗ್ರಾಫೈಟ್, ಆ ಪುಟಾಣಿ ಕಪ್ಲರ್‌ಗಳಿಗೂ ಎಣ್ಣೆ ಆಗಿಬರುವುದಿಲ್ಲ.

ಹಳೇ ಐಸಿಎಫ್ (ಚೆನ್ನೈ ಕಾರ್ಖಾನೆಯ) ಪ್ರಯಾಣಿಕರ ಬೋಗಿಗಳ ಸ್ಕ್ರೂ ಕಪ್ಲಿಂಗ್ ಮಾತ್ರ ಬೇರೆ. ಅಲ್ಲಿ ಕೈಯಿಂದ ತಿರುಗಿಸುವ ತಿರುಪು ಇದೆ, ಅದಕ್ಕೆ ಗ್ರೀಸ್ ಬೇಕೇ ಬೇಕು. ಇಲ್ಲಿ ಬರೆದದ್ದನ್ನು ಅಲ್ಲಿಗೆ ಒಯ್ಯಬೇಡಿ.

ಕೊಳ್ಳುವಾಗ ಎಚ್ಚರ. ಒಮ್ಮೆ ಒಂದು ಅಂಗಡಿಯಿಂದ ಬಿಲ್ ಸರಿಯಿಲ್ಲದೆ ಬಂದ ಡಬ್ಬಿಗಳಲ್ಲಿ ಒಳಗಿದ್ದದ್ದೇ ಬೇರೆ, ಹೊಡೆದು ಅರ್ಧ ಗಂಟೆಯಾದರೂ ಜಿಡ್ಡು ಜಿಡ್ಡಾಗಿ ಹೊಳೆಯುತ್ತಿತ್ತು. ನಿಜವಾದದ್ದು ಮಂಕು ಬೂದು, ಒಣಗಿದ ಮೇಲೆ ಹೊಳೆಯುವುದಿಲ್ಲ. ಒಂದು ಕಬ್ಬಿಣದ ತುಂಡಿನ ಮೇಲೆ ಹೊಡೆದು, ಒಣಗಿದ ಮೇಲೆ ಹಿಡಿ ಧೂಳು ಎರಚಿ, ತಿರುಗಿಸಿ ಕೊಡವಿ ನೋಡಿ. ಧೂಳು ಅಂಟಿಕೊಂಡೇ ಇದ್ದರೆ ಡಬ್ಬಿ ವಾಪಸ್ ಮಾಡಿ. ಅಧಿಕೃತ ಡೀಲರ್ ಹತ್ತಿರವೇ ತಗೊಳ್ಳಿ, ಬ್ಯಾಚ್ ನಂಬರ್ ಮತ್ತು ತಾರೀಖು ನೋಡಿ. ಹೊಡೆದು ಮುಗಿದ ಮೇಲೆ ಡಬ್ಬಿ ತಲೆಕೆಳಗೆ ಮಾಡಿ ಬರೀ ಗಾಳಿ ಬರುವ ತನಕ ಒಂದೆರಡು ಸಲ ಒತ್ತಿಬಿಡಿ, ಇಲ್ಲದಿದ್ದರೆ ನಾಝಲ್ ಕಟ್ಟಿಕೊಂಡು ಮುಂದಿನ ಸಲ ಅರ್ಧ ತುಂಬಿದ ಡಬ್ಬಿಯನ್ನೇ ಎಸೆಯಬೇಕಾಗುತ್ತದೆ.